ಡೀಬಗ್ ಟ್ರೂ ಅಂತ ಬಿಟ್ಟು ಹೋದವರಿಗೆ

ಮೊನ್ನೆ ಗೆಳೆಯನೊಬ್ಬ ತನ್ನ ಹೊಸ ಎಪಿಐ ಕೊಂಡಿ ಕಳಿಸಿ "ನೋಡೋ ಮಾರಾಯ, ಲೈವ್ ಆಯ್ತು" ಅಂದ. ಫ್ಲಾಸ್ಕ್‌ನಲ್ಲಿ ಬರೆದದ್ದು. ಸಂಖ್ಯೆ ಕೊಡಬೇಕಾದ ಕಡೆ ನಾನು "ಅವಲಕ್ಕಿ" ಅಂತ ಕೊಟ್ಟೆ. ಬಂತು ನೋಡಿ, ಅವನ ಕೋಡೆಲ್ಲ ಸಾಲುಸಾಲಾಗಿ ನನ್ನ ಬ್ರೌಸರಿನಲ್ಲಿ! ಪುಣ್ಯಾತ್ಮ ಡೀಬಗ್ ಆನ್ ಇಟ್ಟುಕೊಂಡೇ ಸರ್ವರಿಗೆ ಏರಿಸಿದ್ದ.

ಬೈದರೆ, "ಟ್ಯುಟೋರಿಯಲ್‌ನಲ್ಲಿ ಹಾಗೇ ಇತ್ತಲ್ಲ" ಅಂತಾನೆ. ನನ್ನ ಸಿಟ್ಟೆಲ್ಲ ಆ ಟ್ಯುಟೋರಿಯಲ್ ಬರೆಯೋರ ಮೇಲೆ. ಹತ್ತೇ ಸಾಲಲ್ಲಿ ಎಪಿಐ ಅಂತ ಡಂಗುರ ಸಾರ್ತಾರೆ, ಕೊನೆಗೆ ಡೀಬಗ್ ಟ್ರೂ ಅಂತ ಬರೆದು ಕೈ ತೊಳ್ಕೊತಾರೆ. ಇದು ಡೆವಲಪ್‌ಮೆಂಟ್ ಸರ್ವರ್, ಪ್ರೊಡಕ್ಷನ್‌ಗೆ ಬಳಸಬೇಡಿ ಅಂತ ಫ್ಲಾಸ್ಕೇ ಟರ್ಮಿನಲ್‌ನಲ್ಲಿ ಬಡ್ಕೊಳ್ಳುತ್ತೆ. ಓದೋರು ಯಾರು?

ಅಲ್ಲ ಸ್ವಾಮಿ, ಆ ಎರರ್ ಪುಟದಲ್ಲಿ ಪೈಥಾನ್ ಕನ್ಸೋಲೂ ಇರುತ್ತೆ. ಅದು ಕೈಗೆ ಸಿಕ್ಕವರು ನಿಮ್ಮ ಸರ್ವರಿನಲ್ಲಿ ಏನು ಬೇಕಾದರೂ ಓಡಿಸಬಹುದು. 2015ರಲ್ಲಿ ಪೇಟ್ರಿಯಾನ್ ಸೈಟಿಗೆ ಕನ್ನ ಹಾಕಿದ್ದು ಹೊರಗಿನವರಿಗೆ ಕಾಣುವಂತೆ ಬಿಟ್ಟಿದ್ದ ಡೀಬಗ್ ಆವೃತ್ತಿಯ ಮೂಲಕವೇ. ಈಗ ಪಿನ್ ಕೇಳುತ್ತೆ, ನಿಜ. ಬೀಗ ಇದೆ ಅಂತ ತಿಜೋರಿಯನ್ನ ರಸ್ತೆಯಲ್ಲಿಡ್ತೀರಾ?

ಡೀಬಗ್ ತೆಗೀರಿ, ಗುನಿಕಾರ್ನ್‌ನಿಂದ ಓಡಿಸಿ, ಮುಂದೆ ಎಂಜಿನ್‌ಎಕ್ಸ್ ನಿಲ್ಲಿಸಿ, ಪಾಸ್‌ವರ್ಡುಗಳನ್ನ ಕೋಡಿನಿಂದ ಹೊರಗಿಡಿ. ಇನ್ನೊಂದು ಹತ್ತಿಪ್ಪತ್ತು ಸಾಲಿನ ಮಾತು. ಟ್ಯುಟೋರಿಯಲ್ ಬರೆಯೋರು ಅದನ್ನೂ ಬರೀರಿ, ಇಲ್ಲಾ ತಲೆಬರಹದಿಂದ 'ಡಿಪ್ಲಾಯ್' ಅನ್ನೋ ಪದ ಕಿತ್ತುಹಾಕಿ.

ಗೆಳೆಯ ಸರಿ ಮಾಡಿದ್ದಾನೆ. ಈಗ ಅವಲಕ್ಕಿ ಕೊಟ್ಟರೆ ಬರೀ 500 ಬರುತ್ತೆ. (400 ಬರಬೇಕಿತ್ತು, ಇರಲಿ, ಆ ಜಗಳ ಇನ್ನೊಂದು ದಿನ :))