ಕಾಫಿ ಮಿಷನ್ನು ಎಲ್ಲರದ್ದು, ಜವಾಬ್ದಾರಿ ಯಾರದ್ದೂ ಅಲ್ಲ!

ಬೆಂಗಳೂರಿನ ಕೋ-ವರ್ಕಿಂಗ್ ಆಫೀಸುಗಳನ್ನ ಹೊಗಳೋ ಲೇಖನಗಳನ್ನ ಓದಿ ಓದಿ ಸಾಕಾಗಿದೆ. ಬೀನ್ ಬ್ಯಾಗು, ಗೋಡೆ ಮೇಲೆ ಬಣ್ಣದ ದೀಪದಲ್ಲಿ ಬರೆದ ಸ್ಫೂರ್ತಿವಾಕ್ಯ, ಮೂಲೆಯಲ್ಲಿ ಟೇಬಲ್ ಟೆನಿಸ್ಸು, 'ಕಮ್ಯುನಿಟಿ ಮ್ಯಾನೇಜರ್' ಅನ್ನೋ ಹೊಸ ಹುದ್ದೆ... ಅದರ ಜೊತೆಗೆ ಒಂದು ಭವಿಷ್ಯವಾಣಿ ಬೇರೆ: "ಪರ್ಮನೆಂಟ್ ಕೆಲಸದ ಕಾಲ ಮುಗೀತು, ಇನ್ಮುಂದೆ ಎಲ್ಲಾ ಗಿಗ್ಗೇ, ಎಲ್ಲರೂ ಸ್ವತಂತ್ರರೇ." ಯಾರಿಗೆ ಯಾರಿಂದ ಸ್ವಾತಂತ್ರ್ಯ ಅಂತ ಮಾತ್ರ ಯಾರೂ ಕೇಳಲ್ಲ. ಇವತ್ತು ನಾನು ಕೇಳ್ತೀನಿ. ಬೈಯ್ಯೋರು ಬೈಯ್ಯಬಹುದು :-)

ಮೊದಲು ನ್ಯಾಯವಾಗಿ ಹೇಳಬೇಕಾದ್ದನ್ನ ಹೇಳಿಬಿಡ್ತೀನಿ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಾಡ್ ನ್ಯೂಬರ್ಗ್ ಅನ್ನೋ ಪ್ರೋಗ್ರಾಮರ್ ಇದನ್ನ ಶುರು ಮಾಡಿದಾಗ ಉದ್ದೇಶ ಚೆನ್ನಾಗೇ ಇತ್ತು. ಒಂಟಿಯಾಗಿ ದುಡಿಯೋರಿಗೆ ಜೊತೆ ಬೇಕು, ಸ್ವಾತಂತ್ರ್ಯನೂ ಉಳೀಬೇಕು, ಅಷ್ಟೇ. ನಮ್ಮೂರಲ್ಲೂ ಐದು ಜನರ ಕಂಪನಿಗೆ ತಿಂಗಳುಗಟ್ಟಲೆ ಬಾಡಿಗೆಯನ್ನ ಅಡ್ವಾನ್ಸ್ ಕೊಟ್ಟು, ವರ್ಷಗಟ್ಟಲೆ ಲೀಸಿಗೆ ಸಹಿ ಹಾಕೋ ತಾಕತ್ತು ಎಲ್ಲಿರುತ್ತೆ? ಅಂಥವರಿಗೆ ಇದು ವರವೇ. ಆದರೆ ಇವತ್ತಿನ ಕಥೆ ಅದಲ್ಲ. ಆಫಿಸ್ 2024ರ ಮೇನಲ್ಲಿ ಷೇರು ಮಾರುಕಟ್ಟೆಗೆ ಬಂತು, ವೀವರ್ಕ್ ಇಂಡಿಯಾ 2025ರ ಅಕ್ಟೋಬರ್‌ನಲ್ಲಿ ಬಂತು. ದೊಡ್ಡ ದೊಡ್ಡ ಕಂಪನಿಗಳೇ ಈಗ 'ಮ್ಯಾನೇಜ್ಡ್ ಆಫೀಸು' ಅಂತ ಅಂತಸ್ತುಗಟ್ಟಲೆ ಜಾಗ ಹಿಡೀತಿವೆ. ಇದು ಬಡ ಸ್ಟಾರ್ಟಪ್ಪಿನ ಮೂಲೆಯಾಗಿ ಉಳಿದಿಲ್ಲ, ಪೂರ್ತಿ ಉದ್ಯಮ.

ಹಳೇ ಬೆಂಗಳೂರಿನ ವಠಾರ ನೆನಪಿದೆಯಾ? ನಲ್ಲಿ ಒಂದೇ, ಬಚ್ಚಲು ಒಂದೇ, ಹತ್ತು ಸಂಸಾರ. ಕೋ-ವರ್ಕಿಂಗ್ ಅಂದ್ರೆ ಏಸಿ ಹಾಕಿದ ವಠಾರ. ವ್ಯತ್ಯಾಸ ಒಂದೇ: ವಠಾರದಲ್ಲಿ ನಲ್ಲಿ ಕೆಟ್ಟರೆ ಮುಂದಿನ ಮನೇಲಿದ್ದ ಮಾಲೀಕರ ಬಾಗಿಲು ಬಡೀಬಹುದಿತ್ತು. ಇಲ್ಲಿ ಬಾಗಿಲೇ ಇಲ್ಲ. ಕಟ್ಟಡ ಒಬ್ಬರದ್ದು, ನಡೆಸೋರು ಇನ್ನೊಬ್ಬರು, ನಿಮಗೆ ದುಡ್ಡು ಕೊಡೋರು ಮತ್ತೊಬ್ಬರು. ಟೇಬಲ್ ಒರೆಸೋ ಅಕ್ಕನಿಗೆ ಸಂಬಳ ಕೊಡೋದು ಇವರ್ಯಾರೂ ಅಲ್ಲ, ಅದಕ್ಕೊಂದು ಏಜೆನ್ಸಿ!

ನನ್ನ ತಕರಾರು ಇರೋದು ಇಲ್ಲೇ. ನಮ್ಮ ಕಾನೂನು ತಲೆ ಎಣಿಸೋದು ಮಾಲೀಕನ ಲೆಕ್ಕದಲ್ಲಿ, ಕಟ್ಟಡದ ಲೆಕ್ಕದಲ್ಲಿ ಅಲ್ಲ. 50 ಉದ್ಯೋಗಿಗಳಿದ್ದರೆ ಸಂಸ್ಥೆ ಕೂಸಿನ ಮನೆ ವ್ಯವಸ್ಥೆ ಮಾಡಬೇಕು. ಇದು 2017ರ ತಿದ್ದುಪಡಿಯಲ್ಲಿ ಬಂತು, 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಕಿರುಕುಳದ ದೂರು ಕೇಳೋಕೆ ಆಂತರಿಕ ಸಮಿತಿ ಬೇಕು ಅನ್ನುತ್ತೆ 2013ರ ಕಾಯ್ದೆ. ಆದರೆ ಹತ್ತಕ್ಕಿಂತ ಕಮ್ಮಿ ಜನ ಇದ್ದರೆ ಸಮಿತಿ ಬೇಡ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಿ ಅನ್ನುತ್ತೆ.

ಈಗ ಒಂದು ಕಟ್ಟಡ ಊಹಿಸಿಕೊಳ್ಳಿ. 60 ಕಂಪನಿ, ತಲಾ 8 ಜನ. ಒಟ್ಟು 480. ಒಂದೇ ಲಿಫ್ಟು, ಒಂದೇ ಪ್ಯಾಂಟ್ರಿ, ಒಂದೇ ಪಾರ್ಕಿಂಗು. 480 ಜನರ ಒಂದು ಕಂಪನಿ ಅದೇ ಕಟ್ಟಡದಲ್ಲಿ ಇದ್ದಿದ್ದರೆ ಕೂಸಿನ ಮನೆಯೂ ಬೇಕಿತ್ತು, ಸಮಿತಿಯೂ ಬೇಕಿತ್ತು. ಈಗ? ಎರಡೂ ಬೇಡ! ಪಕ್ಕದ ಕ್ಯಾಬಿನ್ನಿನ ಬೇರೆ ಕಂಪನಿಯವನು ತೊಂದರೆ ಕೊಟ್ಟರೆ ಆ ಹುಡುಗಿ ಮೊದಲು ಯಾರ ಹತ್ರ ಹೋಗಬೇಕು? ಕಮ್ಯುನಿಟಿ ಮ್ಯಾನೇಜರ್ ಹತ್ರಾನಾ? ಆರೋಪಿ ಬೇರೆ ಸಂಸ್ಥೆಯವನಾದರೂ ಮಹಿಳೆ ಕೆಲಸ ಮಾಡೋ ಕಡೆಯ ಆಂತರಿಕ ಸಮಿತಿಯೇ ದೂರು ಕೇಳಬಹುದು ಅಂತ ಸುಪ್ರೀಂ ಕೋರ್ಟು 2025ರ ಡಿಸೆಂಬರ್‌ನಲ್ಲಿ ಹೇಳಿದೆ. ಒಳ್ಳೇದೇ. ಆದರೆ ಸಮಿತಿಯೇ ಇಲ್ಲದ ಕಡೆ ಆ ತೀರ್ಪನ್ನ ಇಟ್ಕೊಂಡು ಏನು ಮಾಡೋದು?

ಇದರ ಮೇಲೆ ಗಿಗ್ಗು. ಎಂಜಿನಿಯರುಗಳಿಗೆ ಆ ಪದ ಹಿಡಿಸಲ್ಲ, ನಾವು 'ಕನ್ಸಲ್ಟೆಂಟು'. ಬೆಳಿಗ್ಗೆ ಹತ್ತಕ್ಕೆ ಸ್ಟಾಂಡಪ್ಪು, ಅದೇ ಟೀಮು, ಅದೇ ಮ್ಯಾನೇಜರು. ಆದರೆ ಸಂಬಳದ ಬದಲು ಇನ್‌ವಾಯ್ಸು, ಅದರಲ್ಲಿ ಹತ್ತು ಪರ್ಸೆಂಟ್ ಟಿಡಿಎಸ್ಸು. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಸಂಬಳದ ರಜೆ ಇಲ್ಲ. ನನ್ನ ಗೆಳೆಯನೊಬ್ಬ ಡೆಂಗ್ಯೂ ಬಂದು ಹನ್ನೊಂದು ದಿನ ಮಲಗಿದ. ಆ ಹನ್ನೊಂದು ದಿನಕ್ಕೆ ಅವನ ಇನ್‌ವಾಯ್ಸಿನಲ್ಲಿ ಸೊನ್ನೆ. "ಫ್ಲೆಕ್ಸಿಬಿಲಿಟಿ" ಅಂದ್ರೆ ಇದೇನಾ? ಬಗ್ಗೋದು ಯಾವಾಗಲೂ ಒಂದೇ ಕಡೆಯವರ ಬೆನ್ನು!

ತಮಾಷೆ ಏನು ಗೊತ್ತಾ? ಪರ್ಮನೆಂಟ್ ಇರೋರು ಸಂಜೆ ಇನ್ನೊಂದು ಕೆಲಸ ಮಾಡಿದರೆ ಅದು ಮಹಾಪರಾಧ. 2022ರಲ್ಲಿ ವಿಪ್ರೋ ಅದೇ ಕಾರಣಕ್ಕೆ 300 ಜನರನ್ನ ಮನೆಗೆ ಕಳಿಸಿತು. ನಿಷ್ಠೆ ಪೂರ್ತಿ ಬೇಕು. ಆದರೆ ಕನ್ಸಲ್ಟೆಂಟ್ ವಿಷಯಕ್ಕೆ ಬಂದಾಗ ನಿಷ್ಠೆ ಅನ್ನೋ ಮಾತನ್ನ ಕಂಪನಿಗಳು ಎತ್ತೋದೇ ಇಲ್ಲ, ಯಾಕಂದ್ರೆ ಅದನ್ನ ವಾಪಸ್ ಕೊಡಬೇಕಾಗುತ್ತೆ.

ಈಗ ಲಾಬಿಗೆ ಬನ್ನಿ. ಊಟದ ಪೊಟ್ಟಣ ಹಿಡ್ಕೊಂಡು ಡೆಲಿವರಿ ಹುಡುಗ ನಿಂತಿರ್ತಾನೆ. ಅವನನ್ನ ಕಂಪನಿ 'ಪಾರ್ಟ್ನರ್' ಅನ್ನುತ್ತೆ, ನಮ್ಮನ್ನ 'ಕನ್ಸಲ್ಟೆಂಟ್' ಅನ್ನುತ್ತೆ, ನೌಕರ ಅಂತ ಇಬ್ಬರನ್ನೂ ಅನ್ನಲ್ಲ. ಆದರೆ ಅವನಿಗೆ ಕರ್ನಾಟಕದಲ್ಲಿ 2025ರ ಗಿಗ್ ಕಾರ್ಮಿಕರ ಕಾಯ್ದೆ ಇದೆ. ಕಲ್ಯಾಣ ಮಂಡಳಿ, ಪ್ರತಿ ವಹಿವಾಟಿನ ಪಾವತಿಯ ಮೇಲೆ ಕಂಪನಿ ಕಟ್ಟಬೇಕಾದ ಶೇ. 1ರಿಂದ 5ರ ಶುಲ್ಕ, ಕೆಲಸದಿಂದ ತೆಗೆಯೋ ಮುಂಚೆ ಲಿಖಿತ ಕಾರಣ ಮತ್ತು 14 ದಿನದ ನೋಟಿಸು. ಜಾರಿ ಎಷ್ಟು ಗಟ್ಟಿ ಅನ್ನೋದು ಬೇರೆ ಮಾತು, ಕಾಗದದ ಮೇಲಾದರೂ ಹಕ್ಕಿದೆ. ಕಂಪನಿ ಜೊತೆ ನೇರವಾಗಿ ಕಾಂಟ್ರಾಕ್ಟ್ ಮಾಡ್ಕೊಂಡ ಎಂಜಿನಿಯರ್ ಈ ಕಾಯ್ದೆಗೆ ಸಿಗಲ್ಲ, ಯಾಕಂದ್ರೆ ನಡುವೆ ಪ್ಲಾಟ್‌ಫಾರ್ಮ್ ಇಲ್ಲ. ಅಂದ್ರೆ ನಾವು ಹತ್ತು ರೂಪಾಯಿ ಟಿಪ್ ಕೊಟ್ಟು ಕನಿಕರ ಪಡೋ ಹುಡುಗನಿಗಿರೋ ನೋಟಿಸಿನ ಹಕ್ಕು ನಮಗಿಲ್ಲ! ಅದು ಅವನಿಗೆ ಪುಕ್ಕಟೆ ಸಿಗಲಿಲ್ಲ ಕಣ್ರೀ. ಅವನಂಥವರು ಸಂಘ ಕಟ್ಟಿದರು, ಬೀದಿಗಿಳಿದರು. ನಾವು 'ಯೂನಿಯನ್' ಅಂದ ಕೂಡಲೇ ಮೂಗು ಮುರೀತೀವಿ. ಐಟಿ ನೌಕರರಿಗೂ ಬೆಂಗಳೂರಲ್ಲಿ ಕೆಐಟಿಯು ಅನ್ನೋ ಸಂಘ 2017ರಿಂದ ಇದೆ, ನಮ್ಮಲ್ಲಿ ಎಷ್ಟು ಜನ ಅದರ ಹೆಸರಾದರೂ ಕೇಳಿದೀವಿ?

"ಸ್ಟಾರ್ಟಪ್ಪುಗಳ ಮೇಲೆ ಇಷ್ಟೆಲ್ಲಾ ಹೇರಿದ್ರೆ ಸತ್ತೇ ಹೋಗ್ತಾವೆ" ಅಂತೀರಿ, ಗೊತ್ತು. ಎಂಟು ಜನರ ಕಂಪನಿ ಒಂದೇ ಕೂಸಿನ ಮನೆ ಕಟ್ಟಲಿ ಅಂತ ನಾನೆಲ್ಲಿ ಹೇಳಿದೆ? ಹಲವು ಸಂಸ್ಥೆಗಳು ಸೇರಿ ಒಂದೇ ಕೂಸಿನ ಮನೆ ನಡೆಸೋಕೆ ಆ ಸಂಹಿತೆಯೇ ಅವಕಾಶ ಕೊಟ್ಟಿದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ಹೊರೆ. ಪ್ರಿಂಟರ್ ಹಂಚಿಕೊಳ್ಳೋಕೆ ಬರುತ್ತೆ, ಮೀಟಿಂಗ್ ರೂಮನ್ನ ಗಂಟೆ ಲೆಕ್ಕದಲ್ಲಿ ಹಂಚೋಕೆ ಆಪ್ ಇದೆ, ಕೂಸಿನ ಮನೆ ಮಾತ್ರ ಹಂಚೋಕೆ ಬರಲ್ವಾ?

"ಇಷ್ಟ ಇದ್ದೋರು ಸೇರ್ತಾರೆ, ಇಲ್ಲದೋರು ಬಿಡ್ತಾರೆ" ಅನ್ನೋರಿಗೂ ಒಂದು ಮಾತು. ಕೈಯಲ್ಲಿ ಎರಡು ಆಫರ್ ಇದ್ದಾಗ ಅದು ಆಯ್ಕೆ. ಲೇಆಫ್ ಆಗಿ ಮನೆ ಇಎಂಐ ಕಟ್ಟಬೇಕಾದವನಿಗೆ "ಕನ್ಸಲ್ಟೆಂಟ್ ಆಗಿ ಬಾ" ಅಂದ್ರೆ ಅದು ಆಯ್ಕೆ ಅಲ್ಲ.

ನಾನು ಕೇಳೋದು ಎರಡೇ. ಒಂದು, ತಲೆ ಎಣಿಕೆ ಕಟ್ಟಡದ ಲೆಕ್ಕದಲ್ಲಾಗಲಿ. ಸೀಟಿಗಿಷ್ಟು ಅಂತ ಬಾಡಿಗೆ ವಸೂಲಿ ಮಾಡೋ ಆಪರೇಟರಿಗೆ ಒಟ್ಟು ಸೀಟೆಷ್ಟು ಅಂತ ಚೆನ್ನಾಗೇ ಗೊತ್ತು, ಕೂಸಿನ ಮನೆ ಮತ್ತು ಸಮಿತಿಯ ಹೊಣೆಯೂ ಅವರಿಗೇ ಬರಲಿ. ಎರಡು, ತಿಂಗಳುಗಟ್ಟಲೆ ಒಂದೇ ಕಂಪನಿಗೆ ದುಡಿಯೋ ಕನ್ಸಲ್ಟೆಂಟಿಗೆ ಕನಿಷ್ಠ ಆ ಡೆಲಿವರಿ ಹುಡುಗನಿಗಿರೋ ನೋಟಿಸು ಮತ್ತು ಲಿಖಿತ ಕಾರಣ ಸಿಗಲಿ.

ಅಲ್ಲೀವರೆಗೆ ನೀವೊಂದು ಕೆಲಸ ಮಾಡಬಹುದು. ಮುಂದಿನ ಸಲ ಯಾರಾದ್ರೂ ಕೋ-ವರ್ಕಿಂಗ್ ಜಾಗ ತೋರಿಸೋಕೆ ಕರ್ಕೊಂಡು ಹೋದಾಗ, ಕಾಫಿ ಮಿಷನ್ ತೋರಿಸಿ ಮುಗಿಸಿದ ಮೇಲೆ ನಗುನಗುತ್ತಾ ಕೇಳಿ: "ಕೂಸಿನ ಮನೆ ಯಾವ ಫ್ಲೋರಲ್ಲಿದೆ? ದೂರು ಕೊಡಬೇಕಾದರೆ ಯಾರ ಹೆಸರಿಗೆ ಬರೀಬೇಕು?"

ಏನು ಉತ್ತರ ಬಂತು ಅಂತ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೀರಿ. ನಾನಂತೂ ಓದೋಕೆ ಕಾಯ್ತಿರ್ತೀನಿ.