ಕಾಮರ್ಸ್ ಕಣ್ಣಲ್ಲಿ ಸೈನ್ಸ್, ಭಾಗ 6: ಖಾಲಿ ಕ್ರೇಟು ಮಾರೋರು

ರೂಮ್‌ಮೇಟ್ ಲಿಂಕ್ ಕಳಿಸಿದ್ದ. "ಎನ್‌ಎಡಿ ಬೂಸ್ಟರ್ ಅಂತೆ, ಸುಸ್ತು ಮಾಯ. ಅರ್ಧರ್ಧ ಹಾಕೋಣ್ವಾ ಮಗಾ?" ನನ್ನ ಪಾಲು ಒಂದು ತಿಂಗಳ ಮೆಸ್ ದುಡ್ಡು. ಎಕ್ಸಾಮ್ ಟೈಮು, ನಾನೂ ಕಾರ್ಟ್‌ಗೆ ಹಾಕ್ಬಿಟ್ಟೆ. ಆಮೇಲೆ ಇದೇನಪ್ಪಾ ಅಂತ ಓದೋಕೆ ಕೂತೆ. (ಪಿಯುಸಿಯಲ್ಲೂ ಕಾಮರ್ಸೇ. ತಪ್ಪಿದ್ರೆ ಸೈನ್ಸ್‌ನೋರು ಬೈಯಿರಿ.)

ನನ್ನ ಅಭಿಪ್ರಾಯ ಇಷ್ಟು: ರೀಲ್‌ಗಳು ಎನ್‌ಎಡಿಯನ್ನ ಬ್ಯಾಂಕ್ ಬ್ಯಾಲೆನ್ಸ್ ಥರ ತೋರಿಸ್ತಿವೆ. ಅದು ಹಾಲಿನ ಅಂಗಡಿಯ ಕ್ರೇಟು.

ಒಂದು ಗ್ಲೂಕೋಸ್ ಕಣ ಜೀವಕೋಶದಲ್ಲಿ ಪೂರ್ತಿ ಒಡೆದು ಮುಗಿಯೋಷ್ಟರಲ್ಲಿ 10 ಎನ್‌ಎಡಿ ಕಣಗಳು ತಲಾ 2 ಎಲೆಕ್ಟ್ರಾನ್ ಹೊತ್ಕೊಂಡು ಎನ್‌ಎಡಿಎಚ್ ಆಗ್ತವೆ. ಆ ಹೊರೆ ಮೈಟೊಕಾಂಡ್ರಿಯಾದಲ್ಲಿ ಇಳಿದು ಕೊನೆಗೆ ಆಮ್ಲಜನಕ ಸೇರುತ್ತೆ. ಆ ದಾರಿಯಲ್ಲೇ ಎಟಿಪಿ ತಯಾರಾಗೋದು. ಖಾಲಿಯಾದ ಎನ್‌ಎಡಿ ಮತ್ತೆ ಲೋಡಿಗೆ ರೆಡಿ. ಶಕ್ತಿ ಬರೋದು ಅನ್ನದಿಂದ, ಕ್ರೇಟಿಂದ ಅಲ್ಲ.

ಕ್ರೇಟು ವಾಪಸ್ ಬರದಿದ್ರೆ ಮಾತ್ರ ವ್ಯಾಪಾರವೇ ಬಂದ್. ಇಡ್ಲಿ ಹಿಟ್ಟಿನ ಬ್ಯಾಕ್ಟೀರಿಯಾ ನೋಡಿ: ಎಲೆಕ್ಟ್ರಾನ್‌ಗಳನ್ನ ಆಮ್ಲಜನಕಕ್ಕೆ ಕೊಡದೆ ಪೈರುವೇಟ್ ಮೇಲೆ ಇಳಿಸ್ತವೆ, ಅದು ಲ್ಯಾಕ್ಟಿಕ್ ಆಮ್ಲ ಆಗುತ್ತೆ. ನಿಮ್ಮನೆ ಹಿಟ್ಟಿನ ಹುಳಿ ಅಂದ್ರೆ ಎನ್‌ಎಡಿ ಖಾಲಿ ಮಾಡ್ಕೊಂಡ ರಸೀದಿ. ಜೋರಾಗಿ ಓಡುವಾಗ ನಮ್ಮ ಸ್ನಾಯುಗಳೂ ಇದೇ ದಾರಿ ಹಿಡೀತವೆ.

ಕ್ರೇಟೇ ಕಮ್ಮಿಯಾಗೋ ಕಾಯಿಲೆಯೂ ಇದೆ, ಪೆಲಾಗ್ರಾ. ಚರ್ಮ ಸುಲಿಯುತ್ತೆ, ಭೇದಿ, ಬುದ್ಧಿ ಮಂಕು. 1915ರಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಅಮೆರಿಕದ ಮಿಸಿಸಿಪ್ಪಿಯಲ್ಲಿ ಕೈದಿಗಳಿಗೆ ಬರೀ ಮೆಕ್ಕೆಜೋಳದಂಥ ಬಡ ಊಟ ಕೊಟ್ಟು, ಇದು ಸೋಂಕಲ್ಲ, ಊಟದ ಕೊರತೆ ಅಂತ ತೋರಿಸಿದರು. ಬಿಡುಗಡೆ ಆಸೆ ತೋರಿಸಿ ಮಾಡಿದ ಆ ಪ್ರಯೋಗ ಇವತ್ತಾದ್ರೆ ಯಾರೂ ಒಪ್ಪಲ್ಲ. ಕಮ್ಮಿ ಇದ್ದದ್ದು ನಯಾಸಿನ್, ಅಂದ್ರೆ ಬಿ3. ಕಡ್ಲೆಕಾಯಲ್ಲಿ ಅದು ಧಾರಾಳ.

ಕ್ಯಾಪ್ಸುಲ್ ಪೂರ್ತಿ ಸುಳ್ಳು ಅಂತಿಲ್ಲ. ಅಂಥ ಕೆಲವು ರಕ್ತದಲ್ಲಿ ಎನ್‌ಎಡಿ ಏರಿಸ್ತವೆ, ಪ್ರಯೋಗಗಳಲ್ಲಿ ಕಂಡಿದೆ. ಆದ್ರೆ ಅದರಿಂದ ಆರೋಗ್ಯವಾಗಿರೋ 20ರ ಹುಡುಗರ ಸುಸ್ತು ಹೋಗುತ್ತೆ ಅನ್ನೋಕೆ ಗಟ್ಟಿ ಸಾಕ್ಷಿ ಇಲ್ಲ. ಲೋಡೇ ಇಲ್ಲದ ಅಂಗಡಿಗೆ ಇನ್ನೂ 100 ಕ್ರೇಟ್ ತಂದಿಟ್ರೆ ಏನು ಬಂತು?

ನಾನು ಕಾರ್ಟ್ ಖಾಲಿ ಮಾಡಿ ಮೆಸ್ ಬಿಲ್ ಕಟ್ಟಿದೆ. ಅವನು ಪೂರ್ತಿ ದುಡ್ಡು ತಾನೇ ಹಾಕಿ ಆರ್ಡರ್ ಮಾಡಿದ್ದಾನೆ. ದುಡ್ಡು ಹೊಂದಿಸೋಕೆ ಈ ತಿಂಗಳು ರಾತ್ರಿ ಊಟ ಬಿಡ್ತಾನಂತೆ.

ಮಗಾ, ಇದನ್ನ ಓದ್ತಿದ್ರೆ ಎಂಟೂವರೆಗೆ ಮೆಸ್ ಹತ್ರ ಬಾ. ನನ್ನ ಹತ್ರ ಎಕ್ಸ್‌ಟ್ರಾ ಕೂಪನ್ ಇದೆ.