ಕಿತ್ತೂರಿನ ಕಥೆಗೆ ಕಿತ್ತೂರಿನ ಕಾಲದ ಬಂದೂಕು

ಕಿತ್ತೂರು ಕೋಟೆ ಯಾಕೆ ಬಿತ್ತು ಎಂದು ಚಿಕ್ಕೋಡಿ, ರಾಯಬಾಗ ಕಡೆಯ ಹಿರಿಯರನ್ನು ಕೇಳಿದರೆ ಸಿಗುವ ಉತ್ತರ ಬಹುತೇಕ ಒಂದೇ. ಒಳಗಿನವರೇ ಮದ್ದಿನಲ್ಲಿ ಸಗಣಿ ಬೆರೆಸಿದರು. ಇದು ಎಷ್ಟರಮಟ್ಟಿಗೆ ದಾಖಲೆಯ ಇತಿಹಾಸ, ಎಷ್ಟರಮಟ್ಟಿಗೆ ಜನಪದದ ನೋವು ಎಂಬ ಚರ್ಚೆ ಬೇರೆ. ಆದರೆ ಈ ಮಾತಿನೊಳಗೆ ಆ ಕಾಲದ ಯುದ್ಧದ ಒಂದು ನಿಜ ಅಡಗಿದೆ. ರಾಣಿ ಚೆನ್ನಮ್ಮ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಹೋರಾಡಿದ 1824ರಲ್ಲಿ ಮದ್ದೆಂದರೆ ಮದ್ದಿನ ಮನೆಯಲ್ಲಿ ರಾಶಿಯಾಗಿ ಇಟ್ಟ ಕಪ್ಪು ಪುಡಿ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಅದಕ್ಕೆ ಕಸ ಬಿದ್ದರೂ ಕೆಟ್ಟಿತು, ನೀರು ತಾಗಿದರೂ ಕೆಟ್ಟಿತು. ದ್ರೋಹ ಮಾಡುವವನಿಗೆ ಒಂದು ಬುಟ್ಟಿ ಸಗಣಿ ಸಾಕಾಗುತ್ತಿತ್ತು.

ಈಗ ಇದೇ ಕಥೆಯನ್ನು ಟಿವಿಯಲ್ಲಿ ತೋರಿಸುವಾಗ ಸೈನಿಕರ ಕೈಗೆ ಹಿತ್ತಾಳೆಯ ತೋಟಾ ತುಂಬುವ ಬಂದೂಕು ಕೊಟ್ಟರೆ ಏನಾಗುತ್ತದೆ? ಮುಚ್ಚಿದ ತೋಟಾದೊಳಗೆ ಸಗಣಿ ಬೆರೆಸುವುದು ಹೇಗೆ ಎಂದು ಮನೆಯ ಹುಡುಗ ಕೇಳುತ್ತಾನೆ. ಅವನ ಪ್ರಶ್ನೆ ಸರಿಯಾಗಿಯೇ ಇರುತ್ತದೆ. ತಲೆಮಾರುಗಳಿಂದ ನಡೆದುಬಂದ ನೆನಪು ಒಂದು ತಪ್ಪು ಬಂದೂಕಿನಿಂದ ಅರ್ಥ ಕಳೆದುಕೊಳ್ಳುತ್ತದೆ.

ಐತಿಹಾಸಿಕ ಧಾರಾವಾಹಿ ಮಾಡುವವರು ರಾಣಿಯ ಸೀರೆ, ಒಡವೆ, ಅರಮನೆಯ ಕಂಬಗಳ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಾರೆ. ಬಂದೂಕಿನ ಬಗ್ಗೆ ಮಾತಾಡುವುದು ಅಪರೂಪ. ಆದರೆ ಆ ಕಥೆಗಳಲ್ಲಿ ಯಾರು ಗೆದ್ದರು, ಯಾರು ಸತ್ತರು, ಯಾರು ಬೆಟ್ಟ ಹತ್ತಿ ಅಡಗಿದರು ಎಂಬುದರಲ್ಲಿ ಬಂದೂಕಿನ ಪಾಲು ದೊಡ್ಡದು.

ಗಡಿ ಭಾಗದ ಪ್ರೇಕ್ಷಕರಿಗೆ ಈ ವಿಷಯ ಇನ್ನೂ ಹತ್ತಿರದ್ದು. ನಿಪ್ಪಾಣಿ, ಕಾಗವಾಡ, ಅಥಣಿಯ ಮನೆಗಳಲ್ಲಿ ಕನ್ನಡದ ಜೊತೆಗೆ ಮರಾಠಿ ಧಾರಾವಾಹಿಗಳೂ ಓಡುತ್ತವೆ. 2008ರಲ್ಲಿ ಬಂದ ‘ರಾಜಾ ಶಿವಛತ್ರಪತಿ’, 2017ರಿಂದ 2020ರವರೆಗೆ ನಡೆದ ‘ಸ್ವರಾಜ್ಯರಕ್ಷಕ ಸಂಭಾಜಿ’ ಇವರಿಗೆ ಪರವೂರಿನ ಕಥೆಗಳಲ್ಲ. 1660ರಲ್ಲಿ ಶಿವಾಜಿ ಇದ್ದ ಪನ್ಹಾಳಾ ಕೋಟೆಗೆ ಬಿಜಾಪುರದ ಸೇನಾನಿ ಸಿದ್ದಿ ಜೌಹರ್ ಮುತ್ತಿಗೆ ಹಾಕಿದಾಗ ರಾಜಾಪುರದ ಇಂಗ್ಲಿಷ್ ಕೋಠಿಯ ಹೆನ್ರಿ ರೆವಿಂಗ್ಟನ್ ಸಿಡಿಗುಂಡು ಹಾರಿಸಲು ಅಲ್ಲಿಗೆ ಹೋಗಿದ್ದ. ಅದರ ಸೇಡಿಗೆ ಮರುವರ್ಷವೇ ಶಿವಾಜಿ ರಾಜಾಪುರವನ್ನು ಲೂಟಿ ಮಾಡಿದರು. 1679ರಲ್ಲಿ ಮೊಘಲ್ ಸೇನಾನಿ ದಿಲೇರ್ ಖಾನ್ ಅಥಣಿಯನ್ನು ಕೊಳ್ಳೆ ಹೊಡೆದ. ಊರ ಜನಕ್ಕೆ ಆದ ಹಿಂಸೆಯನ್ನು ಸಹಿಸದೆ ಶಿವಾಜಿಯ ಮಗ ಸಂಭಾಜಿ ಮೊಘಲರ ಪಾಳೆಯ ಬಿಟ್ಟು ಪನ್ಹಾಳಾದ ಕಡೆ ಹೊರಟದ್ದು ಇಲ್ಲಿಂದಲೇ.

ಆ ದಿನ ಅಥಣಿಯ ಬೀದಿಗಳಲ್ಲಿ ಕಂಡ ಬಂದೂಕುಗಳಲ್ಲಿ ಹೆಚ್ಚಿನವು ಬತ್ತಿ ಬಂದೂಕುಗಳೇ ಇದ್ದಿರಬೇಕು. ಉದ್ದ ನಳಿಗೆ, ಪಕ್ಕದಲ್ಲಿ ರಂಜಕ, ಅಂದರೆ ಹೊತ್ತಿಸುವ ಮದ್ದು, ಹಾಕುವ ಸಣ್ಣ ಬಟ್ಟಲು, ಕುದುರೆಯ ತುದಿಯಲ್ಲಿ ಸದಾ ಉರಿಯುತ್ತಿರಬೇಕಾದ ನೂಲಿನ ಬತ್ತಿ. ಬತ್ತಿ ಆರಿದರೆ ಬಂದೂಕು ಬರಿಯ ಕಬ್ಬಿಣ. ರಾತ್ರಿ ದಾಳಿಗೆ ಹೊರಟ ಪಡೆಯನ್ನು ಆ ಬತ್ತಿಗಳ ಕೆಂಪು ಚುಕ್ಕೆಗಳೇ ಹಿಡಿದುಕೊಡಬಹುದಿತ್ತು. ಎಂಥ ದೃಶ್ಯ ಅದು! ಕತ್ತಲಲ್ಲಿ ಗುಡ್ಡದ ಇಳಿಜಾರಿನಲ್ಲಿ ಸರಿಯುವ ಕೆಂಡದ ಸಾಲು. ನಿಜವಾದ ಬಂದೂಕನ್ನು ತಿಳಿದ ನಿರ್ದೇಶಕನಿಗೆ ಇತಿಹಾಸವೇ ಇಂಥದನ್ನು ಕೊಡುತ್ತದೆ.

1824ಕ್ಕೆ ಬಂದರೆ ಕಂಪನಿ ಸಿಪಾಯಿಗಳ ಕೈಯಲ್ಲಿ ಚಕಮಕಿ ಬಂದೂಕು ಇತ್ತು. ಈಸ್ಟ್ ಇಂಡಿಯಾ ಕಂಪನಿಗಾಗಿಯೇ ರೂಪಿಸಿದ ‘ಇಂಡಿಯಾ ಪ್ಯಾಟರ್ನ್’ ಎಂಬ ಮಾದರಿಯನ್ನು 1797ರ ಹೊತ್ತಿಗೆ ಬ್ರಿಟನ್ನಿನ ಸೈನ್ಯವೂ ಒಪ್ಪಿಕೊಂಡಿತ್ತು. ನಳಿಗೆಯ ಬಾಯಿ ಮುಕ್ಕಾಲು ಇಂಚು ಅಗಲ. ಸಿಪಾಯಿ ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಹರಿದು, ಸ್ವಲ್ಪ ಮದ್ದನ್ನು ಬಟ್ಟಲಿಗೆ ಹಾಕಿ, ಉಳಿದದ್ದನ್ನು ಗುಂಡಿನ ಸಮೇತ ನಳಿಗೆಯ ಬಾಯಿಂದ ಸುರಿದು, ಗಜದಿಂದ ಜಡಿದು, ಆಮೇಲೆ ಗುರಿ ಹಿಡಿಯಬೇಕಿತ್ತು. ಪಳಗಿದವನಿಗೆ ನಿಮಿಷಕ್ಕೆ ಎರಡು ಮೂರು ಗುಂಡು. ನೂರು ಗಜ ದಾಟಿದರೆ ಒಬ್ಬ ಮನುಷ್ಯನಿಗೆ ತಾಗುವುದು ಅದೃಷ್ಟದ ಮಾತು. ಎರಡು ಸುತ್ತು ಹಾರಿಸಿದ ಮೇಲೆ ಬಿಳಿ ಹೊಗೆಯಲ್ಲಿ ಎದುರಿನವನೇ ಕಾಣುತ್ತಿರಲಿಲ್ಲ.

ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತ ಘಳಿಗೆಯನ್ನು ಈ ಲೆಕ್ಕದಲ್ಲಿ ನೋಡಬೇಕು. ಗುಂಡು ಹಾರಿಸಿದವನು ಅಮಟೂರು ಬಾಳಪ್ಪ ಎಂದು ನಾಡು ನೆನೆಯುತ್ತದೆ. ಅವನ ಬಂದೂಕಿನಲ್ಲಿ ಇದ್ದದ್ದು ಒಂದೇ ಗುಂಡು. ಗುರಿ ತಪ್ಪಿದ್ದರೆ ಮತ್ತೆ ತುಂಬಲು ಅರ್ಧ ನಿಮಿಷ ಬೇಕು. ಎದುರಿಗೆ ಕಂಪನಿಯ ಪಡೆ. ಬಾಳಪ್ಪನ ಧೈರ್ಯ ಇರುವುದೇ ಆ ಅರ್ಧ ನಿಮಿಷದಲ್ಲಿ. ತೆರೆಯ ಮೇಲೆ ಅವನು ಒಂದರ ಹಿಂದೊಂದು ಗುಂಡು ಹಾರಿಸಿದರೆ ಅವನು ದೊಡ್ಡವನಾಗುವುದಿಲ್ಲ, ಸಣ್ಣವನಾಗುತ್ತಾನೆ.

ಇನ್ನು ಬಿಳಿ ಅಧಿಕಾರಿಯ ಸೊಂಟಕ್ಕೆ ರಿವಾಲ್ವರ್ ಸಿಕ್ಕಿಸುವ ಅಭ್ಯಾಸ. ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ಆ ಹೊತ್ತಿಗೆ ಥ್ಯಾಕರೆ ಸತ್ತು ಹನ್ನೆರಡು ವರ್ಷ, ಕಿತ್ತೂರಿನ ಪರ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿ ಐದು ವರ್ಷ ಕಳೆದಿತ್ತು.

ರಾಯಣ್ಣನ ಯುದ್ಧತಂತ್ರ ಅರ್ಥವಾಗುವುದೂ ಬಂದೂಕಿನ ಮೂಲಕವೇ. ಬೀಡಿ, ನಂದಗಡ, ಖಾನಾಪುರ, ಸಂಪಗಾವಿಗಳ ಕಡೆ ಅವನ ಪಡೆ ಕಾಡಿನಿಂದ ಬಂದು, ಕಚೇರಿ ಸುಟ್ಟು, ಕಾಡಿಗೇ ಮರಳುತ್ತಿತ್ತು. ಬಯಲಲ್ಲಿ ಸಾಲುಗಟ್ಟಿ ನಿಂತ ಸಿಪಾಯಿಗಳು ಒಟ್ಟಿಗೆ ಗುಂಡು ಹಾರಿಸಿದರೆ ಚಕಮಕಿ ಬಂದೂಕು ಭಯಂಕರ. ಮರಗಳ ನಡುವೆ, ಹತ್ತಿರದ ಕಾಳಗದಲ್ಲಿ, ಮಳೆಯಲ್ಲಿ ಅದರ ಬಲ ಉಡುಗುತ್ತದೆ. ಅಲ್ಲಿ ಕತ್ತಿ ಗೆಲ್ಲಬಹುದು. ರಾಯಣ್ಣ ಇದನ್ನು ಬಲ್ಲ ಸೇನಾನಿ. ವೈರಿಯ ಕೈಗೆ ನೂರು ವರ್ಷ ಮುಂದಿನ ಬಂದೂಕು ಕೊಟ್ಟು ರಾಯಣ್ಣನನ್ನು ಕತ್ತಿ ಹಿಡಿದು ಬಯಲಿಗೆ ಓಡಿಸಿದರೆ ಅವನ ಬುದ್ಧಿವಂತಿಕೆಯನ್ನೇ ಅಳಿಸಿದಂತೆ.

1857ರ ಹಲಗಲಿಯ ಮಾತಂತೂ ಆಯುಧದ್ದೇ. ಜನರ ಕೈಯಿಂದ ಶಸ್ತ್ರ ಕಿತ್ತುಕೊಳ್ಳುವ ಕಾನೂನು ಬಂದಾಗ ಮುಧೋಳ ಸೀಮೆಯ ಬೇಡರು ಕೊಡುವುದಿಲ್ಲ ಎಂದರು. ಊರಿಗೆ ಬೆಂಕಿ ಬಿತ್ತು, ಬದುಕುಳಿದವರಲ್ಲಿ ಹಲವರಿಗೆ ಗಲ್ಲಾಯಿತು. ಅವರ ಲಾವಣಿಯನ್ನು ಜೆ.ಎಫ್. ಫ್ಲೀಟ್ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದ್ದರಿಂದ ಇವತ್ತಿಗೂ ಓದಲು ಸಿಗುತ್ತದೆ. ಹಲಗಲಿಯ ಬೇಡರಿಗೆ ತಮ್ಮ ಬಂದೂಕು ಬೇಟೆಯ ಸಾಧನ, ಕುಲದ ಮರ್ಯಾದೆ. ಅದು ಹೇಗಿತ್ತು ಎಂದು ತೋರಿಸದೆ ಅದಕ್ಕಾಗಿ ಪ್ರಾಣ ಕೊಟ್ಟವರ ಕಥೆ ಹೇಳಲಾಗದು.

ಅಥಣಿಯ ಗಡಿಯಾಚೆ, ಜತ್ತ ತಾಲ್ಲೂಕಿನ ಬಂಡುಕೋರ ಸಿಂಧೂರಿನ ಲಕ್ಷ್ಮಣನ ಕಥೆ 1920ರ ಆಸುಪಾಸಿನದು. ಅಲ್ಲಿ ಪೊಲೀಸರ ಕೈಗೆ ತೋಟಾ ತುಂಬುವ ರೈಫಲ್ ಕೊಟ್ಟರೆ ತಪ್ಪಿಲ್ಲ. ತಪ್ಪಾಗುವುದು ಅದೇ ರೈಫಲನ್ನು ನೂರು ವರ್ಷ ಹಿಂದಕ್ಕೆ ಒಯ್ದಾಗ. ಪೊಲೀಸ್ ಠಾಣೆಗಳಲ್ಲಿ ದಶಕಗಳ ಕಾಲ ಕಂಡ ಪಾಯಿಂಟ್ 303 ರೈಫಲ್ಲೇ ‘ಹಳೇ ಬಂದೂಕು’ ಎಂಬ ಚಿತ್ರ ನಮ್ಮ ಕಣ್ಣಲ್ಲಿ ನಿಂತುಬಿಟ್ಟಿದೆ. ಅದರ ಹೋಲಿಕೆಯ ಬಾಡಿಗೆ ಬಂದೂಕು ಎಲ್ಲ ಕಾಲಕ್ಕೂ ಸಲ್ಲುತ್ತದೆ ಎಂಬ ಸಸಾರವೂ ಬೆಳೆದಿದೆ.

ಜಾತ್ರೆಯ ನಾಟಕದಲ್ಲಿ ಮರದ ಬಂದೂಕು, ಪಟಾಕಿಯ ಸದ್ದು ಇದ್ದರೆ ಯಾರದೂ ತಕರಾರಿಲ್ಲ. ಸಣ್ಣಾಟದ ಪ್ರೇಕ್ಷಕ ಅರ್ಧ ಕಥೆಯನ್ನು ತನ್ನ ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಾನೆ, ಆಟವೂ ಅದನ್ನು ಬಯಸುತ್ತದೆ. ಟಿವಿಯ ರೀತಿ ಬೇರೆ. ಕ್ಯಾಮೆರಾ ಬಂದೂಕಿನ ಕುದುರೆಯ ಹತ್ತಿರಕ್ಕೇ ಹೋಗುತ್ತದೆ, ‘ಇದು ನಡೆದದ್ದೇ ಹೀಗೆ’ ಎಂಬ ಭರವಸೆ ಕೊಡುತ್ತದೆ. ಆ ಭರವಸೆ ಕೊಟ್ಟ ಮೇಲೆ ಅದನ್ನು ಉಳಿಸಿಕೊಳ್ಳಬೇಕು.

ಖರ್ಚಿನ ಮಾತು ಬರುತ್ತದೆ, ಬರಲಿ. ಹಣವಿದ್ದ ಹಾಲಿವುಡ್ ಕೂಡ ಬಹುಕಾಲ 1873ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗೆ ಸುಳ್ಳು ಚಕಮಕಿ ಜೋಡಿಸಿ ಹಳೆಯ ಯುದ್ಧಗಳನ್ನು ತೋರಿಸಿತು. ಆದರೆ 1993ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಶುರುವಾದ ‘ಶಾರ್ಪ್’ ಸರಣಿ ಬೇರೆ ದಾರಿ ಹಿಡಿಯಿತು. ಅದರ ಸೈನ್ಯದ ದೃಶ್ಯಗಳು ದೊಡ್ಡವಲ್ಲ, ಬಜೆಟ್ಟೂ ಸಿನಿಮಾದ್ದಲ್ಲ. ಆದರೂ ನಿಮಿಷಕ್ಕೆ ಮೂರು ಗುಂಡು ಹಾರಿಸಲು ಹೊಸ ಸಿಪಾಯಿಗಳನ್ನು ಪಳಗಿಸುವುದನ್ನೇ ಒಂದು ಕಂತಿನ ಮುಖ್ಯ ಘಟನೆ ಮಾಡಿದರು. ಬಂದೂಕು ತುಂಬುವ ಇಪ್ಪತ್ತು ಸೆಕೆಂಡು ನೋಡುವವರ ಉಸಿರು ಹಿಡಿಯುತ್ತದೆ. ಇದೇ ಸರಣಿಯ 2006ರ ಚಿತ್ರ ನಡೆಯುವುದು 1817ರ ಭಾರತದಲ್ಲಿ. ನಿಪ್ಪಾಣಿಯ ಅಪ್ಪಾ ದೇಸಾಯಿ ಸಿಧೋಜಿರಾವ್ ನಿಂಬಾಳ್ಕರ್ ಪೇಶ್ವೆ ಮತ್ತು ಕಂಪನಿಯ ಯುದ್ಧದ ನಡುವೆ ಸಿಕ್ಕಿಕೊಂಡಿದ್ದ ಕಾಲವದು. ನಿಪ್ಪಾಣಿಯ ಕಡೆಯಿಂದ ಆ ಯುದ್ಧದ ಕಥೆ ಹೇಳುವ ಧಾರಾವಾಹಿ ಕನ್ನಡದಲ್ಲಿ ಬರಬೇಕು.

ಬಂದೂಕು ಬಲ್ಲವರು ಸೆಟ್ಟಿನಲ್ಲಿ ಇರುವುದು ಜೀವದ ಪ್ರಶ್ನೆಯೂ ಹೌದು. 2021ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ‘ರಸ್ಟ್’ ಎಂಬ ಹಳೆಯ ಕಾಲದ ಕಥೆಯ ಚಿತ್ರೀಕರಣದಲ್ಲಿ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲಿನಾ ಹಚಿನ್ಸ್ ಸತ್ತರು. ಆಯುಧಗಳ ಉಸ್ತುವಾರಿ ಹೊತ್ತವರಿಗೆ 2024ರಲ್ಲಿ ಜೈಲಾಯಿತು.

ಮಾಹಿತಿಯ ಕೊರತೆ ಎಂಬ ನೆಪವೂ ನಿಲ್ಲುವುದಿಲ್ಲ. ಅಥಣಿಯಿಂದ ಒಂದು ಬಸ್ಸಿನ ದೂರದ ವಿಜಯಪುರದಲ್ಲಿ ಮಲಿಕ್-ಎ-ಮೈದಾನ್ ಫಿರಂಗಿ ಇದೆ, 1549ರಲ್ಲಿ ಎರಕ ಹೊಯ್ದದ್ದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರಿನ ಹಾಳು ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳು ಸಿಕ್ಕವು. ಕಿತ್ತೂರು ಅಭಿವೃದ್ಧಿ ಪ್ರಾಧಿಕಾರವಿದೆ, ಪ್ರತಿ ಅಕ್ಟೋಬರಿಗೆ ಕಿತ್ತೂರು ಉತ್ಸವ ನಡೆಯುತ್ತದೆ. ಬತ್ತಿ, ಚಕಮಕಿ, ಕೇಪು, ತೋಟಾ ಬಂದೂಕುಗಳ ಗುಂಡು ಹಾರದ ಮಾದರಿಗಳನ್ನು ಪ್ರಾಧಿಕಾರ ಒಮ್ಮೆ ಮಾಡಿಸಿಟ್ಟು ಧಾರಾವಾಹಿ, ಸಿನಿಮಾ ತಂಡಗಳಿಗೆ ಬಾಡಿಗೆಗೆ ಕೊಡಬಹುದು. ಬೆಳಗಾವಿಯ ಬಡಗಿ, ಕಮ್ಮಾರರಿಗೂ ಕೆಲಸ ಸಿಗುತ್ತದೆ. ವಾಹಿನಿಗಳು ಒಬ್ಬ ಆಯುಧ ತಜ್ಞನ ಹೆಸರನ್ನು ಕಂತಿನ ಕೊನೆಯಲ್ಲಿ, ವಸ್ತ್ರವಿನ್ಯಾಸಕಿಯ ಹೆಸರಿನ ಪಕ್ಕದಲ್ಲೇ ಹಾಕಲಿ. ಮುಂದಿನ ಚೆನ್ನಮ್ಮನ ಧಾರಾವಾಹಿಗೆ ಅನುಮತಿ, ಸಹಾಯಧನ ಕೇಳಿ ಯಾರೇ ಪ್ರಾಧಿಕಾರದ ಬಾಗಿಲಿಗೆ ಬಂದರೂ ಅಧಿಕಾರಿಗಳು ಕೇಳಬೇಕಾದ ಮೊದಲ ಪ್ರಶ್ನೆ ಇದು: ನಿಮ್ಮ ಬಾಳಪ್ಪನ ಕೈಯಲ್ಲಿ ಯಾವ ಬಂದೂಕಿದೆ?